ಎನೆಜೆಟ್‌ನ ಮೂಡಣಕ್ಕೆ ಒಂದು ಸಣ್ಣ ಮೋಡ

ಕ್ವಾಜಲಿನ್
14 ಸೆಪ್ಟೆಂಬರ್ 1953

ತಂಗಿ ನೆಯ್ಮಟ್‌ಗೆ ಅಣ್ಣ ಹೆಮೊಸ್‌ನ ಯೊಕ್ವೆ.

ಈ ಕಾಗದ ಕೊಬ್ಬರಿ ಹಡಗಿನಲ್ಲಿ ಬರುತ್ತಿದೆ. ಚರ್ಚಿನ ಮೆಟ್ಟಿಲ ಮೇಲೆ ಎನೆಜೆಟ್‌ನ ಊರೆಲ್ಲ ಕೂತು ಇದನ್ನು ಓದಿಸಿಕೊಂಡು ಕೇಳುತ್ತೀರಿ ಎಂದು ಗೊತ್ತು. ಆದ್ದರಿಂದ ಮೊದಲು ಎಲ್ಲರಿಗೂ ಯೊಕ್ವೆ, ಆಮೇಲೆ ನಮ್ಮ ಅಜ್ಜಿ ಬುಬುಗೆ ಒಂದು ಹೆಚ್ಚಿನ ಯೊಕ್ವೆ. ಮೊಮ್ಮಗ ಬಿಳಿಯರ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂರುತ್ತಾನೆ ಎಂದು ಅವಳಿಗೆ ಹೇಳು. ಕುರ್ಚಿಗೆ ಚಕ್ರಗಳಿವೆ ಎಂದೂ ಹೇಳು, ನಂಬುವುದಿಲ್ಲ.

ನನಗೆ ಹವಾಮಾನ ಕಚೇರಿಯಲ್ಲಿ ದುಭಾಷಿಯ ಕೆಲಸ ಸಿಕ್ಕಿದೆ. ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ, ಇಲ್ಲಿ ಗಾಳಿಯೇ ಸಂಬಳ ಕೊಡುತ್ತದೆ. ಗೋಡೆ ತುಂಬ ಒಂದು ನಕ್ಷೆ ಇದೆ. ಅದರ ತುಂಬ ನಮ್ಮ ಕಡಲು, ನಮ್ಮ ದ್ವೀಪಗಳು. ಮುಂದಿನ ಗಾಳಿಗಾಲದಲ್ಲಿ ಪಡುವಣದ ದೂರದ ದ್ವೀಪವೊಂದರಲ್ಲಿ ಸೈನ್ಯದವರು ದೊಡ್ಡದೊಂದು ಪರೀಕ್ಷೆ ಮಾಡುತ್ತಾರೆ. ಅದರ ಹೊಗೆ ಜನರಿರುವ ಕಡೆ ಹೋಗಬಾರದು. ಅದಕ್ಕಾಗಿ ಅಲ್ಲೊಂದು ಇಲ್ಲೊಂದು ದ್ವೀಪದಲ್ಲಿ ಗಾಳಿ ನೋಡುವ ಗುಡಿಸಲು ಹಾಕುತ್ತಿದ್ದಾರೆ. ನಮ್ಮ ಕ್ಯಾಪ್ಟನ್ ವಿಟ್‌ಲಾಕ್ ಅದನ್ನು ಬಲೆ ಎನ್ನುತ್ತಾನೆ. "ಗಾಳಿ ಹಿಡಿಯೋ ಬಲೆ ಹೆಮೊಸ್. ಕಣ್ಣು ಎಲ್ಲಿ ಅಗಲವಾಯ್ತೋ ಅಲ್ಲಿಂದ ಗಾಳಿ ನುಣುಚಿಕೊಂಡು ಹೋಗುತ್ತೆ" ಎಂದು ತೋರಿಸಿದ. ಮೂಡಣದಲ್ಲಿ ಬಲೆ ಹರಿದ ಹಾಗೆ ಖಾಲಿ ಇತ್ತು. ನಾನು ಎದ್ದು ಹೋಗಿ ಎನೆಜೆಟ್‌ನ ಮೇಲೆ ಬೆರಳಿಟ್ಟೆ. ಈಗ ನಮ್ಮೂರಿಗೂ ಒಂದು ಗುಡಿಸಲು ಬರುತ್ತದೆ. ಗುಡಿಸಲು ಇದ್ದ ಕಡೆ ದೊಡ್ಡವರ ಕಣ್ಣಿರುತ್ತದೆ, ನೀವು ನಿಶ್ಚಿಂತೆಯಾಗಿರಿ. ಇನಾಬಾ ಮೇಷ್ಟ್ರ ಹಳೆಯ ಕಲ್ಲುಕಟ್ಟೆಯ ಮೇಲೆಯೇ ಅದನ್ನು ಕಟ್ಟುತ್ತಾರಂತೆ.

ಇದಕ್ಕಿಂತ ಹೆಚ್ಚು ಹೇಳಲು ಅಪ್ಪಣೆ ಇಲ್ಲ, ಬೈಬಲ್ ಮುಟ್ಟಿಸಿದ್ದಾರೆ. ನಾನು ಬರೆಯುವ ಕಾಗದವನ್ನೂ ನನಗೆ ಬರುವ ಕಾಗದವನ್ನೂ ನಾನೇ ಇಂಗ್ಲಿಷಿಗೆ ತಿರುಗಿಸಿ ಕ್ಯಾಪ್ಟನ್‌ಗೆ ಓದಿ ಹೇಳಬೇಕು. ಇನ್ನೊಬ್ಬ ದುಭಾಷಿ ಪಕ್ಕದಲ್ಲೇ ಕಿವಿ ನಿಮಿರಿಸಿ ಕೂತಿರುತ್ತಾನೆ, ಒಂದು ಪದ ನುಂಗುವ ಹಾಗಿಲ್ಲ. ಆದರೆ ನಮಗಿದೇನು ಕಷ್ಟ? ಮೈಕೈ ವಿಷಯ, ಮದುವೆ ಬಸಿರು ಬಾಣಂತನದ ವಿಷಯ ಅಣ್ಣ ತಂಗಿ ಆಡಬಾರದು ಎಂದು ಕಲಿತು ಬೆಳೆದವರು ನಾವು. ನಿನಗೆ ಹೊಟ್ಟೆನೋವು ಬಂದರೆ "ಇವತ್ತು ಒಳಗಡಲಲ್ಲಿ ಅಲೆ ಜಾಸ್ತಿ" ಎನ್ನುತ್ತಿದ್ದೆ, ನಾನು ಹೋಗಿ ಬುಬುವನ್ನು ಕರೆಯುತ್ತಿದ್ದೆ. ಹವೆಯ ಮಾತು ಬಿಟ್ಟು ಬೇರೆ ಆಡಿದ್ದರೆ ಬುಬು ನಾಲಿಗೆ ಕೀಳುತ್ತಿದ್ದಳು. ಈಗ ಹವೆಯೇ ನನ್ನ ಹೊಟ್ಟೆಪಾಡು. ಹವೆ ಬರೆ, ಎಷ್ಟು ಬೇಕಾದರೂ ಬರೆ.

ಯೊಕ್ವೆ,
ಹೆಮೊಸ್

*

ಎನೆಜೆಟ್
20 ಅಕ್ಟೋಬರ್ 1953

ಅಣ್ಣನಿಗೆ ನೆಯ್ಮಟ್‌ಳ ಯೊಕ್ವೆ.

ಬುಬು ನಿನ್ನ ಕುರ್ಚಿಯನ್ನು ನಂಬಲಿಲ್ಲ. "ಚಕ್ರ ಇರೋದು ಓಡಿಹೋಗೋಕೆ. ಕೂರೋ ವಸ್ತುಗೆ ಚಕ್ರ ಯಾಕೆ? ಅವನ ಕೆಲಸ ನಿಲ್ಲಲ್ಲ ಬಿಡು" ಅಂದಳು.

ಗುಡಿಸಲು ಬಂತು. ಜೊತೆಗೆ ಡೇಲ್ ಎಂಬ ಬಿಳಿಯ ಬಂದಿದ್ದಾನೆ. ಅವನ ಮೂಗು ಬಿಸಿಲಿಗೆ ಸುಲಿದು ಸುಟ್ಟ ಮೀನಿನ ಹಾಗಿದೆ. ಒಳ್ಳೆಯವನು, ನಮ್ಮ ಮಾತು ಕಲಿಯುತ್ತಿದ್ದಾನೆ, ಎಲ್ಲ ತಪ್ಪಾಗಿ ಕಲಿಯುತ್ತಿದ್ದಾನೆ. ಬೆಳಗ್ಗೆ ಒಂದು ದೊಡ್ಡ ಬಲೂನಿಗೆ ಉಸಿರು ತುಂಬಿ ಬಿಡುತ್ತಾನೆ. ಅದು ಮೊದಲು ನಮ್ಮ ಗಾಳಿಯ ಜೊತೆ ಪಡುವಣಕ್ಕೆ ಓಡುತ್ತದೆ. ತುಂಬ ಮೇಲೆ ಹೋದ ಮೇಲೆ ಒಂದು ಗಳಿಗೆ ನಿಂತು, ತಿರುಗಿ ನಮ್ಮ ತಲೆಯ ಮೇಲಿಂದ ಮೂಡಣಕ್ಕೆ ವಾಪಸು ಬರುತ್ತದೆ. ಮೇಲೆ ಇನ್ನೊಂದು ಗಾಳಿ ಇದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನೋಡಿದ ದಿನ ನನಗೆ ಯಾಕೋ ಭಯವಾಯಿತು. ಬುಬು ಮಾತ್ರ ನಿನ್ನ ಬಲೆಯ ಮಾತು ಹಿಡಿದುಕೊಂಡು ಕೂತಿದ್ದಾಳೆ. "ಗಾಳಿ ಹಿಡಿದು ಯಾರಾದ್ರೂ ಸುಟ್ಟು ತಿಂತಾರಾ? ಬಲೆ ಅಂದಮೇಲೆ ಮೀನು ಯಾರು ಅಂತ ಕೇಳಿ ಬರಿ ಅವನಿಗೆ" ಎನ್ನುತ್ತಾಳೆ. ಬರೆದಿದ್ದೇನೆ.

ಇನ್ನೊಂದು ಸುದ್ದಿ. ಇನಾಬಾ ಮೇಷ್ಟ್ರು ವಾಪಸು ಬಂದಿದ್ದಾರೆ. ಜಪಾನಿನವರ ಕಾಲದಲ್ಲಿ ಅದೇ ಕಟ್ಟೆಯ ಮೇಲೆ ಮಳೆ ಅಳೆಯುತ್ತ ನಮ್ಮಿಬ್ಬರಿಗೆ ಮೋಡದ ಹೆಸರು ಕಲಿಸುತ್ತಿದ್ದವರು, ವಿಮಾನಗಳು ಬಾಂಬು ಹಾಕಿದ ದಿನ ಅಲ್ಲಿದ್ದ ತಮ್ಮ ಗುಡಿಸಲಲ್ಲಿ ಸತ್ತವರು. ಮಸುಕು ಬೆಳಕಿನಲ್ಲಿ ಬರುತ್ತಾರೆ, ಅದೇ ಬಿಳಿ ಅಂಗಿ. ಡೇಲ್‌ನ ಮಳೆಡಬ್ಬಿಯ ಮುಚ್ಚಳ ತೆಗೆದು ಇಣುಕಿ ನೋಡಿ ತಲೆ ಆಡಿಸಿ ಹೋಗುತ್ತಾರೆ. ಡೇಲ್‌ಗೆ ಅವರು ಕಾಣುವುದಿಲ್ಲ. ಮುಚ್ಚಳ ತೆಗೆಯುವುದು ಏಡಿಗಳು ಎಂದು ಕಲ್ಲು ಹೇರಿಟ್ಟಿದ್ದಾನೆ. "ಆಗಲೂ ಮೊದಲು ಮಳೆ ಅಳೆಯೋನು ಬಂದ, ಆಮೇಲೆ ಬಂದೂಕು ಬಂತು" ಎಂದು ಬುಬು ನೆನಪಿಸುತ್ತಾಳೆ.

ಕೊನೆಗೆ ಹವೆ. ನೀನು ಹೇಳಿದೆ ಎಂದು ಬರೆಯುತ್ತಿದ್ದೇನೆ, ಗಮನ ಇಟ್ಟು ಓದು. ಮೂಡಣದಲ್ಲಿ ಒಂದು ಸಣ್ಣ ಮೋಡ ನಿಂತಿದೆ. ನಮ್ಮ ಮನೆಯವರು ಕೊಬ್ಬರಿ ಕೆಲಸಕ್ಕೆ ತೆಂಕಣದ ದ್ವೀಪಕ್ಕೆ ಹೋಗುವ ಮುಂಚೆಯೇ ಬಂದದ್ದು. ಬೇರೆ ಮೋಡಗಳ ಹಾಗೆ ಸರಿದು ಹೋಗುವುದಿಲ್ಲ. ದಿನದಿನಕ್ಕೆ ತುಂಬಿಕೊಳ್ಳುತ್ತಿದೆ. ಬುಬು ನೋಡಿ ಸಂತೋಷಪಟ್ಟಳು.

ಯೊಕ್ವೆ,
ನೆಯ್ಮಟ್

*

ಕ್ವಾಜಲಿನ್
16 ನವೆಂಬರ್ 1953

ತಂಗಿಗೆ ಯೊಕ್ವೆ.

ನಿನ್ನ ಮೋಡ ಇಲ್ಲಿ ದೊಡ್ಡ ಸದ್ದು ಮಾಡಿದೆ! ಕಾಗದವನ್ನು ತಿರುಗಿಸಿ ಓದುತ್ತಿದ್ದೆ. ಬುಬುವಿನ ಮೀನಿನ ಮಾತಿಗೆ ಎಲ್ಲರೂ ನಕ್ಕರು. ಮೋಡದ ಸಾಲು ಬಂದಾಗ ಕ್ಯಾಪ್ಟನ್ ಕಾಫಿ ಲೋಟ ಕೆಳಗಿಟ್ಟ. "ಸರಿದು ಹೋಗದ ಮೋಡ? ಅದೇ ಜಾಗದಲ್ಲಿ? ಇನ್ನೊಂದು ಸಲ ಓದು" ಅಂದ. ನಾನು ಎದ್ದು ನಿಂತು ಗಟ್ಟಿಯಾಗಿ ಓದಿದೆ. ಕೋಣೆ ತುಂಬ ಜನ ಇದ್ದರು. ಕ್ಯಾಪ್ಟನ್ ತಾನೇ ನೀಲಿ ಪೆನ್ಸಿಲ್ ತೆಗೆದುಕೊಂಡು ಎನೆಜೆಟ್‌ನ ಬಲಕ್ಕೆ ಒಂದು ಪುಟ್ಟ ಮೋಡ ಬರೆದ. ನಕ್ಷೆಯ ಮೇಲೆ ನಮ್ಮ ಜನ ಹೇಳಿದ ಮೊದಲ ಗುರುತು ಅದು. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಊಟದ ಹೊತ್ತಿನಲ್ಲಿ ಎರಡು ಸಲ ಹೋಗಿ ನೋಡಿಕೊಂಡು ಬಂದೆ.

ಡೇಲ್‌ನ ವರದಿಯಲ್ಲಿ ಆ ಮೋಡವೇ ಇಲ್ಲ. ಅವನಿಗೆ ವೈರ್‌ಲೆಸ್‌ನಲ್ಲಿ ಬೈಗುಳ ಹೋಗಿದೆ, ಪಾಪ.

ಕ್ಯಾಪ್ಟನ್ ಕೆಲವು ಪ್ರಶ್ನೆ ಕೇಳಿಸಿದ್ದಾನೆ. ಮೋಡ ಎಷ್ಟು ದೊಡ್ಡದು? ತಳ ಚಪ್ಪಟೆಯೋ, ಗುಂಡಗೋ? ಬಣ್ಣ ಯಾವುದು? ಒಳಗೆ ಗುಡುಗು ಉಂಟೇ? ಯಾವಾಗ ಇಳಿಯಬಹುದು? ಹೆಂಗಸರನ್ನು ಕೇಳಿ ಬರೆ, ನಾಚಬೇಡ.

ಇನ್ನೊಂದು ಮಾತು. ಕಚೇರಿಯಲ್ಲಿ ಕೆಲಸ ಮಾಡುವವರು ಮನೆಯಿಂದ ಒಬ್ಬರನ್ನು ಸಾಮಾನಿನ ವಿಮಾನದಲ್ಲಿ ಇಲ್ಲಿಗೆ ಕರೆಸಿಕೊಳ್ಳಬಹುದು, ಗಾಳಿಗಾಲ ಮುಗಿಯುವ ತನಕ ಇಟ್ಟುಕೊಳ್ಳಬಹುದು. ಒಬ್ಬರೇ. ಯಾಕೆ ಬರಬೇಕು ಎಂದು ಕೇಳಬೇಡ. ಬಂದರೆ ಒಳ್ಳೆಯದು ಎಂದಷ್ಟೇ ಹೇಳುತ್ತೇನೆ. ಬುಬುವೋ, ನೀನೋ? ಯಾರು ಎಂದು ಬರೆ.

ಯೊಕ್ವೆ,
ಹೆಮೊಸ್

*

ಎನೆಜೆಟ್
12 ಡಿಸೆಂಬರ್ 1953

ಅಣ್ಣನಿಗೆ ಯೊಕ್ವೆ.

ನಿನ್ನ ಪ್ರಶ್ನೆಗಳನ್ನು ಮೆಟ್ಟಿಲ ಮೇಲೆ ಓದಿದಾಗ ಹೆಂಗಸರೆಲ್ಲ ಬೀಸಣಿಗೆಯಲ್ಲಿ ಮುಖ ಮುಚ್ಚಿಕೊಂಡರು. ತಳ ಚಪ್ಪಟೆಯೋ ಗುಂಡಗೋ ಎಂದು ಕೇಳಿದ್ದೀಯ! ಪಾಸ್ಟರ್ ಕೆಮ್ಮಿ ಮುಂದಿನ ಸಾಲಿಗೆ ಹಾರಿದರು. ಮುಂದಿನ ಸಾಲು ಇನ್ನೂ ಕೆಟ್ಟದಾಗಿತ್ತು. ನಾನು ಎದ್ದು ಮನೆಗೆ ಓಡಿದೆ.

ಕೇಳಿದ್ದೀಯ ಎಂದು ಹೇಳುತ್ತೇನೆ. ಗುಂಡಗಿದೆ. ಬಣ್ಣ ಯಾವುದೆಂದು ಇಳಿದ ಮೇಲೆ ನೋಡೋಣ. ಈಚೆಗೆ ಒಳಗೆ ಸಣ್ಣಗೆ ಗುಡುಗು ಶುರುವಾಗಿದೆ, ಮಲಗಲು ಬಿಡುವುದಿಲ್ಲ. ದೀವಿಹಲಸು ಮಾಗುವ ಹೊತ್ತಿಗೆ ಇಳಿಯುತ್ತದೆ ಎಂದು ಬುಬುವಿನ ಲೆಕ್ಕ. ಡೇಲ್ ಬೈಸಿಕೊಂಡ ಮೇಲೆ ಬೆಳಗೆಲ್ಲ ದುರ್ಬೀನು ಹಿಡಿದು ಮೂಡಣ ನೋಡುತ್ತ ನಿಲ್ಲುತ್ತಾನೆ. ಮೊನ್ನೆ ನಾನು ಅವನ ಪಕ್ಕದಲ್ಲೇ ತೆಂಗಿನಕಾಯಿ ಸುಲಿಯುತ್ತಿದ್ದೆ. "ಎಲ್ಲೂ ಇಲ್ವಲ್ಲ!" ಎಂದು ನನಗೇ ಹೇಳಿದ.

ಅಣ್ಣಾ, ನೀನು ತಮಾಷೆ ಮಾಡುತ್ತಿದ್ದೀಯೋ, ಆ ಇನ್ನೊಬ್ಬ ದುಭಾಷಿಯ ಮುಂದೆ ನಟಿಸುತ್ತಿದ್ದೀಯೋ ತಿಳಿಯುತ್ತಿಲ್ಲ. ನಟನೆ ಎಂದು ಇಟ್ಟುಕೊಂಡಿದ್ದೇನೆ. ವಿಮಾನದ ವಿಷಯ: ನಾನು ನನ್ನ ಬಾಯಲ್ಲಿ ಹೇಳುವುದು ಚೆನ್ನಾಗಿರುವುದಿಲ್ಲ. ನೀನೇ ಮೋಡ ನೋಡಿ ತೀರ್ಮಾನ ಮಾಡು. ಮೋಡ ಇರುವ ಕಡೆ ದೊಡ್ಡ ಗಾಳಿ ಬೀಸಬಾರದು ಎನ್ನುತ್ತಾರೆ. ಬುಬುಗೆ ಕೆಮ್ಮು ಇದೆ, ಅದು ಪ್ರತಿ ವರ್ಷದ ಕೆಮ್ಮು, ಹೋಗುತ್ತದೆ.

ಮೇಷ್ಟ್ರು ಈಗ ದಿನಾ ಬರುತ್ತಾರೆ.

ಯೊಕ್ವೆ,
ನೆಯ್ಮಟ್

*

ಕ್ವಾಜಲಿನ್
18 ಜನವರಿ 1954

ತಂಗಿಗೆ ಯೊಕ್ವೆ.

ಬುಬುಗೆ ಕೆಮ್ಮು ಎಂದು ಓದಿದ ಕೂಡಲೇ ತೀರ್ಮಾನ ಮಾಡಿದೆ. ಗುಡುಗುವ ಮೋಡದ ಕೆಳಗೆ ಕೆಮ್ಮುವ ಮುದುಕಿ ಇರಬಾರದು. ಬುಬುವಿನ ಹೆಸರು ಬರೆಸಿದ್ದೇನೆ, ಮುಂದಿನ ತಿಂಗಳ ಮೊದಲಲ್ಲಿ ವಿಮಾನ ಬರುತ್ತದೆ. ನೀನು ಗಟ್ಟಿಗಿತ್ತಿ, ನಿನಗೇನು. ಯುದ್ಧದ ಕಾಲದಲ್ಲಿ ಸುಟ್ಟ ದೀವಿಕಾಯಿಯಲ್ಲಿ ಹೊಟ್ಟೆ ತುಂಬಿಸಿಕೊಂಡು ಮೂರು ದಿನ ದೋಣಿಯಲ್ಲಿ ಕೂತವಳು.

ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದಾರೆ. ಎನೆಜೆಟ್ ಗೆರೆಯ ಹೊರಗಿದೆ ಎಂದು ಹೇಳಲು ನನಗೆ ಅಪ್ಪಣೆ ಇದೆ. ಎಷ್ಟು ಹೊರಗೆ ಎಂದು ಹೇಳಲು ಇಲ್ಲ. ಬಲೆ ಈಗ ಬಿಗಿಯಾಗಿದೆ, ಎಲ್ಲ ದ್ವೀಪದ ಗಾಳಿಯೂ ಬೆಳಗಾಗುವುದರೊಳಗೆ ಇಲ್ಲಿಗೆ ಬಂದು ಬೀಳುತ್ತದೆ. ಗಾಳಿ ಕೆಟ್ಟದಿದ್ದರೆ ಪರೀಕ್ಷೆ ಮಾಡುವುದಿಲ್ಲ ಎಂದು ಕ್ಯಾಪ್ಟನ್ ಎಲ್ಲರ ಮುಂದೆ ಹೇಳಿದ್ದಾನೆ. ಅವನು ಮಾತಿಗೆ ತಪ್ಪುವ ಮನುಷ್ಯನಲ್ಲ.

ನಿನ್ನ ಮೋಡವನ್ನು ಕ್ಯಾಪ್ಟನ್ ಸ್ವಲ್ಪ ದೊಡ್ಡದು ಮಾಡಿ ಬರೆದಿದ್ದಾನೆ.

ಯೊಕ್ವೆ,
ಹೆಮೊಸ್

*

ಎನೆಜೆಟ್
5 ಫೆಬ್ರವರಿ 1954

ಅಣ್ಣನಿಗೆ ಯೊಕ್ವೆ.

ವಿಮಾನ ನಿನ್ನ ಕಾಗದಕ್ಕಿಂತ ಮೊದಲೇ ಬಂತು. ನಾನು ಚಾಪೆ ಸುತ್ತಿಟ್ಟುಕೊಂಡಿದ್ದೆ. ಹೊಸ ಬೀಸಣಿಗೆ ಹೆಣೆದಿದ್ದೆ, ನಿನ್ನ ಕ್ಯಾಪ್ಟನ್‌ಗೆ ಕೊಡೋಣ ಎಂದು. ಊರೆಲ್ಲ ದಡದಲ್ಲಿ ನಿಂತು ಬೀಳ್ಕೊಡುವ ಹಾಡು ಹಾಡುತ್ತಿತ್ತು. ಬಿಳಿಯ ಇಳಿದು ಬಂದು ಬುಬುವಿನ ಹೆಸರು ಕೂಗಿದ.

ಬುಬು ಹೋಗುವುದಿಲ್ಲ ಎಂದು ಮರಳಿನ ಮೇಲೆ ಕೂತುಬಿಟ್ಟಳು. "ನಾನಲ್ಲ ಕಣಯ್ಯಾ, ಇವಳು! ಇವಳನ್ನ ನೋಡು, ಕಣ್ಣಿಲ್ವಾ?" ಎಂದು ನನ್ನನ್ನು ಮುಂದಕ್ಕೆ ತಳ್ಳಿದಳು. ಅವನಿಗೆ ಮಾತು ತಿಳಿಯಲಿಲ್ಲ, ಡೇಲ್ ಆಚೆ ದಡಕ್ಕೆ ಹೋಗಿದ್ದ. ಒಂದೇ ಹೆಸರು ಎಂದು ಬೆರಳು ತೋರಿಸಿದ. ಕೊನೆಗೆ ಇಬ್ಬರು ಸೇರಿ ಅಜ್ಜಿಯನ್ನು ಕೊಬ್ಬರಿ ಮೂಟೆ ಎತ್ತುವ ಹಾಗೆ ಎತ್ತಿ ಒಳಗಿಟ್ಟರು. ಬೀಸಣಿಗೆ ಅವಳ ಕೈಯಲ್ಲಿ ಕಳಿಸಿದ್ದೇನೆ.

ಮಂದಿ ಹಾಡನ್ನು ಮಧ್ಯದಲ್ಲಿ ನಿಲ್ಲಿಸಿದ್ದರು. ಮತ್ತೆ ಶುರು ಮಾಡುವುದೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ.

ಹವೆ ಚೆನ್ನಾಗಿದೆ.

ನೆಯ್ಮಟ್

*

ಕ್ವಾಜಲಿನ್
11 ಫೆಬ್ರವರಿ 1954

ತಂಗೀ,

ಬುಬು ವಿಮಾನದಿಂದ ಇಳಿದು ಮಾಡಿದ ಮೊದಲ ಕೆಲಸ ನನ್ನ ಕಿವಿ ಹಿಂಡಿದ್ದು. "ಪೆದ್ದ ಮುಂಡೇದೇ! ಅವಳು ತೊಟ್ಟಿಲು ಕಟ್ಟೋ ಮಾತಾಡಿದ್ರೆ ನೀನು ಛತ್ರಿ ಹುಡುಕ್ತಿದ್ದೀಯಲ್ಲೋ!" ಅಂದಳು. ಮಿಕ್ಕಿದ್ದನ್ನು ಕಿವಿಯಲ್ಲಿ ಹೇಳಿದಳು. ಅದನ್ನು ನಾನು ಬರೆಯುವ ಹಾಗಿಲ್ಲ.

ನಿನ್ನ ಮೋಡ ಈಗ ನನಗೂ ಕಾಣಿಸಿತು. ಹುಟ್ಟಿದಾಗಿನಿಂದ ಆಡಿದ ಮಾತನ್ನು ನಾನು ಮರೆತೆ. ಹವೆ ಎಂದರೆ ಹವೆ ಎಂದುಕೊಂಡುಬಿಟ್ಟೆ. ಅದನ್ನು ಗಂಡಸರು ತುಂಬಿದ ಕೋಣೆಯಲ್ಲಿ ಎದ್ದು ನಿಂತು ಎರಡು ಸಲ ಓದಿದ್ದೇನೆ. ಗೋಡೆಯ ಮೇಲೆ ಆ ಗುರುತು ನೋಡಿದಾಗಲೆಲ್ಲ ಮುಖ ಎಲ್ಲಿ ಇಟ್ಟುಕೊಳ್ಳಲಿ ಎನಿಸುತ್ತದೆ.

ಕ್ಯಾಪ್ಟನ್ ಹತ್ತಿರ ಹೋಗಿ ಇನ್ನೊಂದು ಜಾಗ ಕೊಡಿ ಎಂದು ಕೇಳಿದೆ. "ಯಾರಿಗೆ? ಏನಾಗಿದೆ?" ಅಂದ. ಏನೆಂದು ಹೇಳಲಿ? ಅಣ್ಣನ ಬಾಯಿಂದ ಆ ಪದ ಹೊರಡಲಿಲ್ಲ. ತಂಗಿಗೆ ಹುಷಾರಿಲ್ಲ ಅಂದೆ. "ಡೇಲ್ ಹತ್ರ ಮಾತ್ರೆ ಇದೆಯಲ್ಲ, ಈಗ ಒಂದು ವಿಮಾನವೂ ಬಿಡುವಿಲ್ಲ, ಎಲ್ಲ ಮುಗಿದ ಮೇಲೆ ನೋಡೋಣ" ಎಂದು ಬೆನ್ನು ತಟ್ಟಿದ. ನಾಳೆ ಮತ್ತೆ ಕೇಳುತ್ತೇನೆ. ಕಾಗದ ಕೇಳಲೂ ಅವನಿಗೆ ಈಗ ಬಿಡುವಿಲ್ಲ, ಇನ್ನೊಬ್ಬ ದುಭಾಷಿಯೇ ಓದಿ ನೋಡಿ ಕಳಿಸುತ್ತಾನೆ.

ಈಗ ಹವೆ. ದಯವಿಟ್ಟು ಈ ಸಾಲನ್ನು ಎರಡು ಸಲ ಓದಿಸು. ಬುಬು ಹೇಳುತ್ತಿದ್ದ ಹಳೆಯ ಮಾತು ನೆನಪಿದೆಯಲ್ಲ: ಪಡುವಣದಲ್ಲಿ ಬೆಳಗಾದ ದಿನ ನೀರಿನ ತೊಟ್ಟಿಯ ಬಾಯಿ ಮುಚ್ಚು, ಮಕ್ಕಳನ್ನು ಒಳಗೆ ಕೂರಿಸು, ಆಕಾಶದಿಂದ ಬಿದ್ದದ್ದನ್ನು ಮುಟ್ಟಬೇಡ.

ಯೊಕ್ವೆ, ಯೊಕ್ವೆ,
ಹೆಮೊಸ್

*

ಎನೆಜೆಟ್
27 ಫೆಬ್ರವರಿ 1954

ಅಣ್ಣನಿಗೆ ಯೊಕ್ವೆ.

ನಿನ್ನ ಕಾಗದ ಓದಿದ ದಿನ ಮನಸ್ಸು ಹಗುರಾಯಿತು. ಬೈಯಬೇಕೆಂದು ಏನೇನೋ ಕೂಡಿಟ್ಟಿದ್ದೆ, ಎಲ್ಲ ಮರೆತೆ. ನಿನಗೆ ಮೋಡ ಕಾಣಿಸಿತಲ್ಲ, ಸಾಕು.

ಬುಬುವಿನ ಆ ಹಳೆಯ ಮಾತನ್ನು ನಾನು ಯಾವತ್ತೂ ಕೇಳಿಲ್ಲ. ಇಲ್ಲಿ ಯಾರೂ ಕೇಳಿಲ್ಲ. ಎರಡು ಸಲ ಓದಿಸಿದೆ, ಎರಡು ಸಲವೂ ನಕ್ಕರು. "ಪಡುವಣದಲ್ಲಿ ಬೆಳಗಾಗೋದಂತೆ! ಹೆಮೊಸ್‌ಗೆ ಚಕ್ರದ ಕುರ್ಚಿ ತಲೆ ತಿರುಗಿಸಿದೆ" ಅಂದರು ಪಾಸ್ಟರ್. ಮಕ್ಕಳು ಈಗ ಅದನ್ನೇ ಆಟ ಮಾಡಿಕೊಂಡಿದ್ದಾರೆ. ಒಬ್ಬ "ಪಡುವಣ ಬೆಳಗಾಯ್ತು!" ಎಂದು ಕೂಗುತ್ತಾನೆ, ಎಲ್ಲರೂ ಓಡಿ ಚಾಪೆಯ ಕೆಳಗೆ ನುಗ್ಗುತ್ತಾರೆ.

ಡೇಲ್ ಇವತ್ತು ಹೊರಟ. ರಜೆಯಂತೆ. ಪೆಟ್ಟಿಗೆ, ಬಲೂನು, ವೈರ್‌ಲೆಸ್ ಎಲ್ಲ ವಿಮಾನಕ್ಕೆ ಹೇರಿದರು, ಮಳೆಡಬ್ಬಿ ಮಾತ್ರ ಬಿಟ್ಟರು. ಈ ಕಾಗದವನ್ನು ಅವನ ಕೈಯಲ್ಲೇ ಕೊಡುತ್ತಿದ್ದೇನೆ. ನನಗೆ ಒಂದು ಡಬ್ಬಿ ಹಣ್ಣು ಕೊಡಲು ಬಂದವನಿಗೆ ಕೊನೆಗೂ ಮೋಡ ಕಾಣಿಸಿತು. ತಲೆ ಚಚ್ಚಿಕೊಂಡು ಜೋರಾಗಿ ನಕ್ಕ. ಆಮೇಲೆ ನಗು ನಿಂತುಹೋಯಿತು. "ನೀವೂ ಎಲ್ಲ ಬರ್ತಿದ್ದೀರಲ್ವಾ? ದೊಡ್ಡ ಹಡಗು ಬರುತ್ತಲ್ವಾ?" ಎಂದು ಕೇಳಿದ. ಯಾವ ಹಡಗು ಅಂದೆ. ಅವನು ವಿಮಾನದ ಕಡೆ ನೋಡಿದ, ನನ್ನನ್ನು ನೋಡಿದ. ಈಗ ಅವರು ಅವನನ್ನು ಕೂಗುತ್ತಿದ್ದಾರೆ.

ಬೇಗ ಮುಗಿಸುತ್ತೇನೆ. ಮೇಷ್ಟ್ರು ಈಗ ಕಟ್ಟೆಯ ಮೇಲೆ ಬರುವುದಿಲ್ಲ. ನಮ್ಮ ನೀರಿನ ತೊಟ್ಟಿಯ ಮೇಲೆ ಬೆನ್ನು ಬಾಗಿಸಿ ಕೂತಿದ್ದಾರೆ, ಬಿಸಿಲೇರಿದರೂ ಹೋಗುವುದಿಲ್ಲ. ಮೇಷ್ಟ್ರೇ, ನೀರು ತಗೋಬೇಕು, ಸ್ವಲ್ಪ ಸರೀರಿ ಅಂದೆ. ಸರಿಯಲಿಲ್ಲ. ಕೊಡವನ್ನು ಅವರ ಮೈಯೊಳಗಿಂದಲೇ ಇಳಿಸಿ ನೀರು ತಂದೆ. ಕೈ ಇನ್ನೂ ತಣ್ಣಗಿದೆ.

ನೆಯ್ಮಟ್

*

ಕ್ವಾಜಲಿನ್
9 ಮಾರ್ಚ್ 1954

ನೆಯ್ಮಟ್,

ನಿನ್ನ ಕಾಗದ ಇವತ್ತು ಸಿಕ್ಕಿತು. ಡೇಲ್ ತಂದುಕೊಟ್ಟ. ಅವನನ್ನು ಹಡಗಿನಲ್ಲಿ ಕೂಡಿಹಾಕಿದ ಹಾಗೆ ಇಟ್ಟಿದ್ದರಂತೆ. ಕೊಟ್ಟವನು ನನ್ನ ಮುಖ ನೋಡಲಿಲ್ಲ.

ಈ ಕಾಗದವನ್ನು ನಾನು ಯಾರಿಗೂ ಓದಿ ಹೇಳಿಲ್ಲ. ಕೊಬ್ಬರಿ ಹಡಗಿನ ಅಡುಗೆಯವನ ಮೂಲಕ ಕಳಿಸುತ್ತಿದ್ದೇನೆ. ಪರೀಕ್ಷೆಯ ದಿನ, ಮಾರ್ಚ್ ಒಂದರ ನಸುಕಿನಲ್ಲಿ, ಇಲ್ಲಿಯೂ ಪಡುವಣದ ಆಕಾಶ ಕೆಂಪಾಯಿತು. ಬುಬು ಮೇಜಿನ ಕೆಳಗೆ ಹೋಗಿ ನಿನ್ನ ಹೆಸರು ಕೂಗುತ್ತಿದ್ದಳು. ಹಿಂದಿನ ರಾತ್ರಿ ನಾನು ಕಚೇರಿಯಲ್ಲಿದ್ದೆ. ಉಳಿದೆಲ್ಲ ದ್ವೀಪದ ಗಾಳಿಯೂ ಬಂದಿತ್ತು. ಮೇಲಿನ ಗಾಳಿ ಮೂಡಣಕ್ಕೆ ತಿರುಗಿದೆ ಎಂದು ಕ್ಯಾಪ್ಟನ್ ತಾನೇ ಬಾಣ ಬರೆದ, ಬಾಣದ ತುದಿ ನಿನ್ನ ಮೋಡವನ್ನು ಮುಟ್ಟುತ್ತಿತ್ತು. ಅವನು ದೂರವಾಣಿಯಲ್ಲಿ ತುಂಬ ಹೊತ್ತು ಮಾತಾಡಿದ. ಆಮೇಲೆ ಇಟ್ಟ. ಪರೀಕ್ಷೆ ನಿಲ್ಲಲಿಲ್ಲ.

ಬಲೆಯಲ್ಲಿ ತೂತಿರಲಿಲ್ಲ ತಂಗೀ. ಗಾಳಿ ಸಿಕ್ಕಿತ್ತು. ಮೀನು ಯಾರು ಎಂದು ಬುಬು ಕೇಳಿಸಿದ್ದ ಪ್ರಶ್ನೆಗೆ ನಾನು ಉತ್ತರ ಬರೆದೇ ಇರಲಿಲ್ಲ.

ಎಲ್ಲಿದ್ದೀಯ? ಬರೆ.

ಹೆಮೊಸ್

*

ಕ್ವಾಜಲಿನ್
4 ಏಪ್ರಿಲ್ 1954

ತಂಗಿಗೆ ಯೊಕ್ವೆ.

ಎನೆಜೆಟ್‌ನವರನ್ನೆಲ್ಲ ಹಡಗಿನಲ್ಲಿ ತಂದು ಮಜುರೋದ ಶಿಬಿರದಲ್ಲಿ ಇಟ್ಟಿದ್ದಾರೆ ಎಂದು ಕೇಳಿದೆ. ನನಗೆ ಬರಲು ಅಪ್ಪಣೆ ಕೊಡುತ್ತಿಲ್ಲ. ಬುಬು ಊಟ ಬಿಟ್ಟಿದ್ದಾಳೆ. ಒಂದು ಸಾಲು ಬರೆ. ಬೇರೇನೂ ಬೇಡ, ಹವೆ ಬರೆ.

ಹೆಮೊಸ್

*

ಮಜುರೋ
2 ಮೇ 1954

ಅಣ್ಣನಿಗೆ,

ನಿನ್ನ ಎರಡೂ ಕಾಗದ ಸಿಕ್ಕಿವೆ. ಇಲ್ಲಿ ಮೆಟ್ಟಿಲೂ ಇಲ್ಲ, ಓದಿಸುವುದೂ ಇಲ್ಲ. ನಾನೊಬ್ಬಳೇ ಓದಿಕೊಂಡೆ.

ಪಡುವಣದಲ್ಲಿ ಬೆಳಗಾಯಿತು. ಮಕ್ಕಳು ಆಟ ಎಂದುಕೊಂಡು ಕೂಗಿ ಚಾಪೆಯ ಕೆಳಗೆ ನುಗ್ಗಿದರು, ಏನೂ ಆಗಲಿಲ್ಲ ಎಂದು ಹೊರಗೆ ಬಂದರು. ಮಧ್ಯಾಹ್ನದ ಹೊತ್ತಿಗೆ ಬಿಳಿ ಪುಡಿ ಬೀಳತೊಡಗಿತು, ಸುಟ್ಟ ಹವಳದ ಸುಣ್ಣದ ಹಾಗೆ. ಮಕ್ಕಳು ಮುಖಕ್ಕೆ ಬಳಿದುಕೊಂಡು ಡೇಲ್ ಆಗಿ ಆಡಿದರು. ನನಗೆ ನಿನ್ನ ಮಾತು ನೆನಪಾದಾಗ ತೊಟ್ಟಿಯ ನೀರು ಹಳದಿಯಾಗಿತ್ತು, ನಾನು ಆಗಲೇ ಕುಡಿದಿದ್ದೆ. ಬಾಯಾರಿಕೆ ಬಹಳ ಇತ್ತು ಅಣ್ಣಾ. ಮೇಷ್ಟ್ರು ತೊಟ್ಟಿಯ ಪಕ್ಕದಲ್ಲಿ ನಿಂತಿದ್ದರು, ಅವರ ಅಂಗಿಯ ಮೇಲೂ ಪುಡಿ ಬಿದ್ದಿತ್ತು.

ಇಲ್ಲಿ ಬಿಳಿಯ ವೈದ್ಯರು ದಿನಾ ಬಂದು ಅಳೆಯುತ್ತಾರೆ. ಕೂದಲು, ಉಗುರು, ಎಲ್ಲ. ಮಾತಾಡಿಸುವುದಿಲ್ಲ, ಅಳೆಯುತ್ತಾರೆ.

ಹವೆ ಕೇಳಿದ್ದೀಯ. ಗುಡುಗು ಮಾರ್ಚ್ ಕೊನೆಯಲ್ಲೇ ನಿಂತಿತು. ಕಳೆದ ವಾರ ಮೋಡ ಇಳಿಯಿತು. ಅದರಲ್ಲಿ ನೀರಿರಲಿಲ್ಲ.

ನಸುಕಿನಲ್ಲಿ ಮೇಷ್ಟ್ರು ಇಲ್ಲಿಗೂ ಬಂದಿದ್ದರು. ಮಳೆಡಬ್ಬಿಯನ್ನು ನನ್ನ ಮುಂದೆ ಬೋರಲು ಹಾಕಿ ತೋರಿಸಿದರು.

ನೆಯ್ಮಟ್

*

ಕ್ವಾಜಲಿನ್
15 ಮೇ 1954

ನನ್ನ ತಂಗಿ ನೆಯ್ಮಟ್‌ಗೆ,

ಕಚೇರಿಯಲ್ಲಿ ಪರೀಕ್ಷೆಗಳು ಮುಗಿದವು. ಮುಂದಿನ ಸಲಕ್ಕೆ ಹೊಸ ಬಲೆ ಹಾಕುತ್ತಾರಂತೆ, ಇನ್ನೂ ಅಗಲವಾದದ್ದು. ನಿನ್ನೆ ಒದ್ದೆ ಬಟ್ಟೆ ಕೊಟ್ಟು ನಕ್ಷೆಯನ್ನೆಲ್ಲ ಒರೆಸು ಅಂದರು. ಬಾಣಗಳನ್ನು ಒರೆಸಿದೆ, ಕೆಂಪು ಗೆರೆ ಒರೆಸಿದೆ. ಎನೆಜೆಟ್‌ನ ಹತ್ತಿರ ಬಂದಾಗ ಕೈ ನಿಂತಿತು. ಕ್ಯಾಪ್ಟನ್ ಬಾಗಿಲಲ್ಲಿ ನಿಂತಿದ್ದ. ಈಚೆಗೆ ಅವನೂ ನಿದ್ದೆ ಮಾಡುವುದಿಲ್ಲ. "ಆ ಮೋಡ ಇನ್ನೂ ಅಲ್ಲೇ ಇದೆಯಾ?" ಎಂದು ಕೇಳಿದ. ಆಗ ಹೇಳಿದೆ. ಫೆಬ್ರವರಿಯಲ್ಲಿ ಬಾಯಿಂದ ಹೊರಡದ ಪದವನ್ನು ಇಂಗ್ಲಿಷಿನಲ್ಲಿ, ಅದು ಏನು ಎಂದು, ಅವನ ಮುಖ ನೋಡಿ ಹೇಳಿದೆ. ಅವನು ಬುಬು ತಂದ ಬೀಸಣಿಗೆಯನ್ನು ಮೇಜಿನಿಂದ ತೆಗೆದು ನನ್ನ ಕೈಗಿಟ್ಟು ಹೊರಟುಹೋದ. ನಾನು ಬಟ್ಟೆ ಕೆಳಗೆ ಹಾಕಿ ಬಂದೆ. ಇನ್ನು ಆ ಕುರ್ಚಿಯಲ್ಲಿ ಕೂರುವುದಿಲ್ಲ. ಗುರುತು ಗೋಡೆಯ ಮೇಲೆ ಹಾಗೇ ಇದೆ.

ತಂಗೀ, ಈ ಹವೆಯ ಮಾತು ಸಾಕು. ಅದನ್ನು ಆಡಿ ಆಡಿ ನಾವು ಹಾಳಾದೆವು. ಬುಬು ಪಕ್ಕದಲ್ಲೇ ಕೂತಿದ್ದಾಳೆ. "ಕೇಳೋ, ನಾಲಿಗೆ ಕೀಳಲ್ಲ, ಕೇಳು" ಎನ್ನುತ್ತಿದ್ದಾಳೆ. ಅಣ್ಣ ತಂಗಿಯನ್ನು ಕೇಳಬಾರದ್ದನ್ನು ಕೇಳುತ್ತಿದ್ದೇನೆ. ಮಗು ಗಂಡೋ, ಹೆಣ್ಣೋ? ಏನು ಹೆಸರಿಟ್ಟು ಅಳಲಿ ಎಂದು ಬುಬುಗೆ ತಿಳಿಯುತ್ತಿಲ್ಲ, ನನಗೂ ತಿಳಿಯುತ್ತಿಲ್ಲ.

ಯೊಕ್ವೆ,
ಹೆಮೊಸ್

*

ಮಜುರೋ
30 ಮೇ 1954

ಅಣ್ಣನಿಗೆ ಯೊಕ್ವೆ.

ಕೇಳಿದ್ದಕ್ಕೆ ಸಿಟ್ಟಿಲ್ಲ. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ. ವೈದ್ಯರು ಕೇಳಲಿಲ್ಲ, ನನ್ನ ಅಳತೆ ಬರೆದುಕೊಂಡರು. ನಮ್ಮ ಮನೆಯವರು ಬಂದಿದ್ದಾರೆ, ಅವರೂ ಕೇಳಲಿಲ್ಲ, ಕಡಲಿನ ಕಡೆ ಮುಖ ಮಾಡಿ ಕೂರುತ್ತಾರೆ. ಆ ಗುರುತನ್ನು ಯಾರಿಗೂ ಒರೆಸಲು ಬಿಡಬೇಡ. ಬೇರೆ ಎಲ್ಲೂ ಅದನ್ನು ಬರೆದಿಲ್ಲ.

ನಾನೂ ಸೂಲಗಿತ್ತಿಯನ್ನು ಅದನ್ನೇ ಕೇಳಿದೆ. ನಮ್ಮೂರಿನವಳೇ, ನಮ್ಮಿಬ್ಬರನ್ನೂ ಎತ್ತಿಕೊಂಡ ಕೈ. ಗಂಡಾ, ಹೆಣ್ಣಾ, ತೋರಿಸು ಅಂದೆ. ಅವಳು ತುಂಬ ಹೊತ್ತು ನೋಡಿದಳು. ತಿರುಗಿಸಿ ನೋಡಿದಳು. ಆಮೇಲೆ ಅದರ ಮೇಲೆ ಬಟ್ಟೆ ಮುಚ್ಚಿ, ನನ್ನ ಹಣೆ ಒರೆಸಿ, ಕಿಟಕಿಯ ಕಡೆ ತಿರುಗಿ, "ಇವತ್ತು ಹವೆ ಚೆನ್ನಾಗಿದೆ ಕಣೇ" ಅಂದಳು.

ನೆಯ್ಮಟ್